ಯಂತ್ರಕ್ಕೆ ಕುಂಕುಮ ಹಚ್ಚಿದವರು ಯಾರು?

ಈಚೆಗೆ ಟೆಲಿಫೋನ್ ಕೆಲಸಕ್ಕೆ ಸೇರಿದ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಮಾತಿನ ನಡುವೆ, "ಆಂಟಿ, ನಮ್ಮ ಆಫೀಸಲ್ಲಿ ಐವತ್ತು ದಾಟಿದೋರಿಗೆ ಕಂಪ್ಯೂಟರ್ ಅಂದ್ರೆ ಆಗಲ್ಲ. ಎಲ್ಲಾ ನಮ್ಮ ತಲೆ ಮೇಲೇ ಬೀಳುತ್ತೆ" ಅಂದಳು. ನಾನು ಕಾಫಿ ಲೋಟ ಅವಳ ಕೈಗೆ ಕೊಟ್ಟು, "ಆಗಲ್ಲ ಅಂತ ಅವರು ಹೇಳಿದರೋ, ಅವರ ಬಗ್ಗೆ ಬೇರೆಯವರು ಹೇಳಿದರೋ?" ಎಂದು ಕೇಳಿದೆ. ಅವಳಿಗೂ ಅವಳಂತೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಅನುಮಾನದ ಸ್ವಭಾವ. ಮನೆಯವರು ಇದನ್ನು ರೋಗ ಎನ್ನುತ್ತಾರೆ, ನಾನು ಕಸುಬಿನಿಂದ ಬಂದದ್ದು ಎನ್ನುತ್ತೇನೆ. ಚಾಮರಾಜನಗರದಲ್ಲಿ ಕೆಲವು ವರ್ಷ, ಆಮೇಲೆ ಗುಂಡ್ಲುಪೇಟೆಯಲ್ಲಿ ಬಹಳ ವರ್ಷ ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿನ ಮಾತನ್ನೆಲ್ಲ ಜೋಡಿಸಿಕೊಡುವವಳಿಗೆ ಮನುಷ್ಯರು ಒಬ್ಬರಿಗೆ ಹೇಳುವುದೇ ಬೇರೆ, ಇನ್ನೊಬ್ಬರಿಗೆ ಹೇಳುವುದೇ ಬೇರೆ ಎಂಬುದು ಬೇಗ ತಿಳಿಯುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ, ಸ್ವಿಚ್‌ಬೋರ್ಡಿನ ಮುಂದೆ ಕೂತು ಕಲಿತೆ.

ಆಗಿನ ಪದ್ಧತಿ ಈಗಿನವರಿಗೆ ತಮಾಷೆಯಾಗಿ ಕಾಣಬಹುದು. ಊರಿನಲ್ಲಿ ಯಾರಾದರೂ ಫೋನ್ ಎತ್ತಿದರೆ ನನ್ನ ಬೋರ್ಡಿನಲ್ಲಿ ಅವರ ನಂಬರಿನ ಮುಂದಿದ್ದ ಸಣ್ಣ ತಗಡಿನ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ನಾನು ಅಲ್ಲಿಗೆ ಒಂದು ವಯರಿನ ತುದಿ ಚುಚ್ಚಿ "ನಂಬರ್ ಹೇಳಿ" ಎನ್ನಬೇಕು. ನಂಬರ್ ಹೇಳುವವರು ಯಾರು? "ಅವ್ವೋ, ಕುದೇರು ಗೌಡ್ರ ಮನೆ ಕೊಡು" ಎನ್ನುವರು. "ಡಾಕ್ಟ್ರು ಬಂದವ್ರಾ ನೋಡಮ್ಮಿ" ಎನ್ನುವರು. ಡಾಕ್ಟರು ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಎಲ್ಲಿದ್ದಾರೆಂದು ಹುಡುಕಿ ಕೊಡುವುದೂ ನಮ್ಮ ಕೆಲಸವೇ ಆಗಿತ್ತು. ಫೋನ್ ಎಂದರೆ ಊರಿನವರಿಗೆ ಒಂದು ಹೆಂಗಸಿನ ದನಿ.

ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬರುತ್ತದೆ ಎಂದರು. ಮೊದಲು ಚಾಮರಾಜನಗರಕ್ಕೆ ಬಂತು. ಅಲ್ಲಿಯ ನನ್ನ ಗೆಳತಿ ಫೋನ್ ಮಾಡಿ, "ಸಾವಿತ್ರಿ, ಬೀರುವಿನ ಥರ ಇದೆ ಕಣೆ, ಒಳಗೆ ಏನಿದೆಯೋ ಕಾಣಲ್ಲ. ತಣ್ಣಗೆ ಏಸಿ ರೂಮಲ್ಲಿ ಕೂತಿದೆ. ನಮಗೆ ಫ್ಯಾನಿಲ್ಲ, ಅದಕ್ಕೆ ಏಸಿ" ಎಂದಳು. ನನಗೆ ಆಗಲೇ ಸಂಶಯ. ಬರುವಾಗಲೇ ಇಷ್ಟು ಉಪಚಾರ ಮಾಡಿಸಿಕೊಳ್ಳುವ ನೆಂಟರು ಬೇಗ ಹೋಗುವುದಿಲ್ಲ.

ತರಬೇತಿಗೆ ಯಾರು ಎಂಬ ಪ್ರಶ್ನೆ ಬಂತು. ಚಾಮರಾಜನಗರದಲ್ಲಿ ಕೂರುತ್ತಿದ್ದ ನಮ್ಮ ಮೇಲಧಿಕಾರಿಗಳು ಒಂದು ಗೆರೆ ಎಳೆದರು. ನಲವತ್ತೈದು ದಾಟಿದವರನ್ನು ಕಳಿಸಿ ಪ್ರಯೋಜನವಿಲ್ಲ, ಅವರ ತಲೆಗೆ ಹತ್ತುವುದಿಲ್ಲ, ಎಂದು ಸಭೆಯಲ್ಲಿ ಎಲ್ಲರ ಮುಂದೆಯೇ ಹೇಳಿದರು. ಅವರಿಗೇ ಆಗ ಐವತ್ತೈದರ ಮೇಲಾಗಿತ್ತು. ಸಾಹೇಬರಿಗೆ ಯಾವ ಗೆರೆ ಅನ್ವಯಿಸುತ್ತದೆ ಎಂದು ಕೇಳುವ ಆಸೆ ಬಾಯಿತನಕ ಬಂದಿತ್ತು, ನುಂಗಿಕೊಂಡೆ. ನನಗೆ ನಲವತ್ತನಾಲ್ಕು. ಕೂದಲೆಳೆಯಲ್ಲಿ ನಾನು ಬುದ್ಧಿವಂತೆಯರ ಕಡೆ ಉಳಿದೆ.

ಗೆರೆಯ ಆಚೆ ಬಿದ್ದವರು ಮಾದಪ್ಪನವರು. ಉಡಿಗಾಲದ ಕಡೆಯವರು, ಐವತ್ತು ದಾಟಿತ್ತು. ಲೈನ್‌ಮನ್ ಆಗಿ ಸೇರಿ ಅರ್ಧ ಆಯಸ್ಸು ಕಂಬ ಹತ್ತಿದವರು. ಒಂದು ಮಳೆಗಾಲದಲ್ಲಿ ಕಂಬದಿಂದ ಬಿದ್ದು ಬಲ ಮಂಡಿ ಹಾಳಾದ ಮೇಲೆ ಅವರನ್ನು ಎಕ್ಸ್‌ಚೇಂಜಿನ ಒಳಗಿನ ಕೆಲಸಕ್ಕೆ ಹಾಕಿದ್ದರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದರು. ಇನ್ನೊಮ್ಮೆ ಬಿದ್ದರೆ ಎದ್ದು ನಡೆಯುವ ಆಸೆ ಬಿಡಬೇಕು ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಆ ಒಳಗಿನ ಕೆಲಸವೇ ಅವರ ಅನ್ನ. ತರಬೇತಿ ಇಲ್ಲದಿದ್ದರೂ, ಬೇರೆ ಆಳಿಲ್ಲದ ಕಾರಣ ಬ್ಯಾಟರಿ ನೋಡಿಕೊಳ್ಳಲಿ, ನೆಲ ಒರೆಸಲಿ ಎಂದು ಅಲ್ಲಿಯೇ ಉಳಿಸಿಕೊಂಡರು.

ನಮ್ಮ ಎಕ್ಸ್‌ಚೇಂಜಿನಿಂದ ಒಬ್ಬರಿಗೆ ಮಾತ್ರ ಜಾಗವಿತ್ತು. ತರಬೇತಿ ಮುಗಿಸಿಕೊಂಡು ಬಂದವನು ಲೋಕೇಶ, ಕುದೇರಿನ ಹುಡುಗ. ಡಿಪ್ಲೊಮಾ ಮಾಡಿದ್ದ, ಇಪ್ಪತ್ತೈದು ತುಂಬಿರಲಿಲ್ಲ. ಬೆಂಗಳೂರಿನಿಂದ ಬಂದ ದಿನ ಸಾಹೇಬರು ಅವನ ಬೆನ್ನು ತಟ್ಟಿ, "ಇನ್ನು ಎಕ್ಸ್‌ಚೇಂಜ್ ನಿನ್ನ ಕೈಲಿ" ಎಂದರು. ಹುಡುಗನ ಮುಖ ನೋಡಿದೆ. ಮದುವೆ ಗೊತ್ತಾದ ದಿನ ನನ್ನ ತಂಗಿಯ ಮುಖ ಹಾಗಿತ್ತು. ಇವನಿಗೆ ಹೆದರಿಕೆ ಇದೆ ಎಂದು ನನಗೆ ಆಗಲೇ ಅನಿಸಿತು, ಆದರೆ ಹೇಳಿದರೆ ನಂಬುವವರು ಯಾರು?

ಹೊಸ ಎಕ್ಸ್‌ಚೇಂಜ್ ಶುರುವಾದ ವಾರ ನಡೆದದ್ದನ್ನು ಹೇಳಬೇಕು. ಊರಿಗೆಲ್ಲ ಹೊಸ ನಂಬರ್ ಕೊಟ್ಟಿದ್ದೆವು, ಗುಂಡಿ ಒತ್ತುವ ಫೋನ್ ಕೊಟ್ಟಿದ್ದೆವು. ದೂರು ಬರೆದುಕೊಳ್ಳುವ ಕೆಲಸ ಈಗ ನನ್ನದು. ಬೆಳಿಗ್ಗೆಯಿಂದ ದೂರು ಹೇಳಲು ಜನ ಎಕ್ಸ್‌ಚೇಂಜಿನ ಬಾಗಿಲಿಗೇ ಬಂದು ನಿಂತರು. ಎಲ್ಲರದೂ ಒಂದೇ ದೂರು: ಫೋನ್ ಕೆಟ್ಟಿದೆ, ಎತ್ತಿದರೆ ಒಂದೇ ಸಮ ಕೂಗುತ್ತದೆ, ಒಳಗೆ ಯಾರೂ ಮಾತಾಡುವುದಿಲ್ಲ. ಅವರು ಫೋನ್ ಎತ್ತಿ ನನ್ನ ದನಿಗಾಗಿ ಕಾಯುತ್ತಿದ್ದರು. ಡಯಲ್ ಮಾಡಿ ಎಂದು ಆ ಯಂತ್ರ ಕೂಗುತ್ತಿದೆ ಎಂದು ಅವರಿಗೆ ಹೊಳೆದಿರಲಿಲ್ಲ.

ಇದು ಮುದುಕರ ಸಮಸ್ಯೆ ಎಂದುಕೊಳ್ಳಬೇಡಿ. ಹಾಗೆ ಕಾದವರಲ್ಲಿ ಕಾಲೇಜಿನ ಮೇಷ್ಟ್ರೊಬ್ಬರಿದ್ದರು, ಮೂವತ್ತೂ ಆಗಿರಲಿಲ್ಲ. "ಮೇಡಂ, ಕಂಪ್ಲೇಂಟ್ ಬರ್ಕೊಳಿ, ಸೌಂಡ್ ಬರ್ತಿದೆ, ಯಾರೂ ಲೈನಿಗೆ ಬರ್ತಿಲ್ಲ" ಎಂದು ಕೋಪದಿಂದಲೇ ಹೇಳಿದರು. ಅದೇ ವಾರ ತರಕಾರಿ ಮಂಡಿಯವರ ಮನೆಯ ಅಜ್ಜಿ ಯಾರ ನೆರವೂ ಇಲ್ಲದೆ ಸುಲ್ತಾನ್ ಬತ್ತೇರಿಯಲ್ಲಿದ್ದ ಮಗಳಿಗೆ ನೇರವಾಗಿ ಫೋನ್ ಮಾಡಿ ಮಾತಾಡಿದ್ದರು. ಹೇಗೆ ಕಲಿತಿರಿ ಎಂದರೆ, "ನಿನ್ ಕೇಳ್ಕಂಡು ಮಾತಾಡೋ ಪಾಡು ತಪ್ತಲ್ಲ, ಅದ್ಕೆ ಕಲ್ತೆ ಕಣಮ್ಮಿ. ಅತ್ತೆ ಸುದ್ದಿ ನಮ್ಮುಡ್ಗಿ ನನ್ ಕಿವೀಗೇ ಏಳ್ಬೇಕು, ನಿನ್ ಕಿವೀಗ್ ಯಾಕೆ?" ಎಂದರು. ಅಜ್ಜಿಗೆ ಇಷ್ಟು ವರ್ಷ ನನ್ನ ಮೇಲೆ ಅನುಮಾನವಿತ್ತು. ತಪ್ಪೇನೂ ಇಲ್ಲ. ಅವರಲ್ಲಿ ನನಗೆ ಗೌರವ ಹೆಚ್ಚಿತು.

ಒಳಗೆ ಯಂತ್ರದ ಕೋಣೆಯಲ್ಲಿ ಇನ್ನೊಂದು ತಮಾಷೆ ನಡೆಯುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಲೋಕೇಶ ಕೀಬೋರ್ಡಿನ ಮುಂದೆ ಕೂತು ಏನೇನೋ ಟೈಪ್ ಮಾಡಿ ಕೊನೆಗೆ ಕೈ ಹಿಂದಕ್ಕೆ ಎಳೆದುಕೊಳ್ಳುವನು. ಹಿಂದೆ ನಿಂತಿದ್ದ ಮಾದಪ್ಪನವರು ಬಗ್ಗಿ ಎಂಟರ್ ಗುಂಡಿ ಒತ್ತುವರು. ಒಂದು ದಿನ ಕೇಳಿಯೇಬಿಟ್ಟೆ.

"ಏನಿದು ಮಾದಪ್ಪನೋರೆ? ಅರ್ಧ ಅವನು, ಅರ್ಧ ನೀವಾ?"

"ಅವ್ನಿಗೆ ಎದ್ರಿಕೆ ಕಣಮ್ಮ" ಎಂದರು ಮಾದಪ್ಪ. "ಎಂಟರ್ ಒತ್ತುದ್ರೆ ಊರ್ನೆಲ್ಲಾ ಕೆಡುಸ್ಬುಟ್ಟೇನು ಅಂತಾನೆ. ನಾನು ಕಂಬ್ದಿಂದ ಬಿದ್ದೋನು. ಗುಂಡಿ ಒತ್ತುದ್ರೆ ಯಾರ್ ಕಾಲೂ ಮುರಿಯಕಿಲ್ಲ. ಅದ್ಕೇ ನಾನ್ ಒತ್ತೀನಿ."

ಲೋಕೇಶ ತಲೆ ತಗ್ಗಿಸಿ ನಕ್ಕ. ಹೀಗೆ ಒತ್ತುತ್ತ ಒತ್ತುತ್ತ ಮಾದಪ್ಪ, ಮೊದಲು ಏನು ಟೈಪ್ ಮಾಡಬೇಕೆಂಬುದನ್ನೂ ಹುಡುಗನನ್ನು ಕೇಳಿ ಕೇಳಿ ಕಲಿತರು. ತಪ್ಪು ಮಾಡುವರು, ಯಂತ್ರ ಬೈಯುವುದು, ಮತ್ತೆ ಟೈಪ್ ಮಾಡುವರು. ಒಂದು ಸಲ ಸಾಹೇಬರು ಹೇಳದೆ ಕೇಳದೆ ಬಂದು, ಮಾದಪ್ಪನ ಬೆರಳು ಕೀಬೋರ್ಡಿನ ಮೇಲೆ ಇರುವುದನ್ನು ನೋಡಿದರು. "ಈ ವಯಸ್ಸಲ್ಲಿ ನಿಮಗ್ಯಾಕ್ರೀ ಇದು? ಒರೆಸೋ ಕೆಲಸ ಒರೆಸಿ" ಎಂದು ಗದರಿದರು. ಅಂದಿನಿಂದ ಅವರ ಕಣ್ಣು ಮಾದಪ್ಪನ ಮೇಲೆ ಬಿತ್ತು.

ಆ ವರ್ಷ ಆಯುಧಪೂಜೆ ಬಂತು. ಹಳೆಯ ಬೋರ್ಡಿಗೆ ಮಾದಪ್ಪನವರೇ ಪೂಜಾರಿ. ಹಬ್ಬದ ದಿನ ಮಾತ್ರವಲ್ಲ, ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಊದುಕಡ್ಡಿ ಹಚ್ಚುತ್ತಿದ್ದರು. ಹೊಸ ಯಂತ್ರಕ್ಕೆ ಒಳಗೆ ಪೂಜೆ ಕೂಡದು, ಹೊಗೆ ಪುಡಿ ಯಾವುದೂ ತಾಗಬಾರದು, ಹೂವಿನ ಹಾರವನ್ನೂ ಬಾಗಿಲಿಗೇ ಹಾಕಿ ಎಂದು ಸಾಹೇಬರು ಮೊದಲೇ ಹೇಳಿ ಕಳಿಸಿದ್ದರು. ಹಾಗೇ ಮಾಡಿದೆವು. ಬೂದುಗುಂಬಳ ಒಡೆದದ್ದೂ ರಸ್ತೆಯಲ್ಲಿ.

ಹಬ್ಬ ಕಳೆದ ಮೇಲೆ ಅರ್ಧ ಊರಿನ ಫೋನ್ ಸತ್ತಿತು. ಆಸ್ಪತ್ರೆ, ಪೊಲೀಸ್ ಠಾಣೆ, ಬಸ್ ಸ್ಟ್ಯಾಂಡು ಎಲ್ಲ ಆ ಅರ್ಧದಲ್ಲೇ ಇದ್ದವು. ಲೋಕೇಶನ ಕೈಲಿ ಸರಿಹೋಗಲಿಲ್ಲ. ಮೈಸೂರಿನಿಂದ ತಜ್ಞರೊಬ್ಬರನ್ನು ಕರೆದುಕೊಂಡು ಸಾಹೇಬರು ಜೀಪಿನಲ್ಲಿ ಬಂದರು. ಆ ಬೀರುವಿನಂಥ ಯಂತ್ರದಲ್ಲಿ ಪುಸ್ತಕ ಜೋಡಿಸಿದಂತೆ ಹಸಿರು ಹಲಗೆಗಳನ್ನು ಸಾಲಾಗಿ ಸಿಕ್ಕಿಸಿರುತ್ತಾರೆ, ಅದಕ್ಕೆ ಕಾರ್ಡ್ ಎನ್ನುತ್ತಿದ್ದೆವು. ತಜ್ಞರು ಒಂದು ಕಾರ್ಡನ್ನು ಎಳೆದು ಅದರ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿದರು. ಬಟ್ಟೆ ಕೆಂಪಾಯಿತು. ಮೂಸಿ ನೋಡಿದರು. ಕುಂಕುಮ.

ಯಾರೋ ಕಾರ್ಡಿನ ಮೂಲೆಗೆ ಕುಂಕುಮ ಹಚ್ಚಿ ಮತ್ತೆ ಸಿಕ್ಕಿಸಿದ್ದರು. ಒಳಗಿನ ಫ್ಯಾನು ಆ ಪುಡಿಯನ್ನು ಪಕ್ಕದ ಕಾರ್ಡುಗಳಿಗೂ ಹಂಚಿತ್ತು. ಸಾಹೇಬರು ಒಂದು ಕ್ಷಣವೂ ಯೋಚಿಸಲಿಲ್ಲ. ನೇರವಾಗಿ ಮಾದಪ್ಪನ ಕಡೆ ತಿರುಗಿದರು.

"ಹೇಳಿದ್ದೆನೋ ಇಲ್ಲವೋ? ಈ ವಯಸ್ಸಿನವರನ್ನ ಕಂಪ್ಯೂಟರ್ ಹತ್ತಿರ ಬಿಟ್ಟರೆ ಹೀಗೇ ಆಗೋದು. ನಿಮಗೆ ಇದೂ ಒಂದು ಮಾರಿಗುಡಿ."

"ನಾನಲ್ಲ ಸಾರ್" ಎಂದರು ಮಾದಪ್ಪ.

"ಮತ್ತೆ? ಡಿಪ್ಲೊಮಾ ಓದಿದ ಹುಡುಗ ಹಚ್ಚಿದನೇ? ಸಾವಿತ್ರಮ್ಮ ಹಚ್ಚಿದರೇ?"

ನಿಜ ಹೇಳುತ್ತೇನೆ, ನನಗೂ ಮೊದಲು ಅನುಮಾನ ಬಂದದ್ದು ಮಾದಪ್ಪನ ಮೇಲೆಯೇ. ಪ್ರತಿ ಶುಕ್ರವಾರ ಪೂಜೆ ಮಾಡಿದ ಕೈ. ಸಾಹೇಬರು ಊಟಕ್ಕೆ ಹೋದಾಗ ಬ್ಯಾಟರಿ ಕೋಣೆಗೆ ಹೋಗಿ, "ನೀವೇ ಹಚ್ಚಿದ್ರಾ? ನನ್ನ ಹತ್ತಿರ ಸುಳ್ಳು ಬೇಡ" ಎಂದೆ.

ಅವರು ಮಂಡಿ ನೀವಿಕೊಳ್ಳುತ್ತ ಕೂತಿದ್ದರು. "ಅಳೆ ಬೋರ್ಡ್ಗೆ ಪೂಜೆ ಮಾಡ್ತಿದ್ದೆ ಕಣಮ್ಮ, ದಿಟ. ಅದ್ರ ಮೇಲೆ ನಂಬ್ಕೆ ಇತ್ತು, ಮಾಡ್ತಿದ್ದೆ. ಇದು ನಿನ್ನೆ ಮೊನ್ನೆ ಬಂದದ್ದು. ಒಳ್ಳೇದಾ ಕೆಟ್ಟದ್ದಾ ಇನ್ನೂ ಗೊತ್ತಿಲ್ಲ. ಗುರ್ತು ಪರಿಚಯ ಇಲ್ದೋರ್ಗೆ ಯಾರಾರ ಕೈ ಮುಗುದಾರಾ?"

ಇದು ನನ್ನಂಥ ಅನುಮಾನದವಳಿಗೆ ತಟ್ಟನೆ ಅರ್ಥವಾಗುವ ಮಾತು. ನಂಬಿದೆ. ಹಾಗಾದರೆ ಇನ್ನು ಉಳಿದವನು ಒಬ್ಬನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ತಜ್ಞರು ಕುಂಕುಮ ಎಂದ ಕೂಡಲೇ ಲೋಕೇಶ ತನ್ನ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡದ್ದು ನನಗೆ ನೆನಪಾಯಿತು.

ಲೋಕೇಶ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ನಾನು ಏನೂ ಕೇಳುವ ಮೊದಲೇ, "ನಾನೇ ಅಕ್ಕ" ಎಂದ. ಕಣ್ಣು ತುಂಬಿತ್ತು. "ನಮ್ಮವ್ವ ಊರ ಮಾರಮ್ಮನ ಕುಂಕ್ಮ ಕೊಟ್ಟಿದ್ರು, ಮಿಷಿನ್ಗೆ ಇಡ್ಲಾ ಒಳ್ಳೇದಾಯ್ತದೆ ಅಂತ. ಹಬ್ಬದ್ ದಿನ ಎಲ್ಲಾರೂ ಮನೀಗ್ ಓದ್ಮೇಲೆ ಮೇನ್ ಕಾರ್ಡ್ ಈಚಿಗೆ ಎಳ್ದು ಇಟ್ಬುಟ್ಟೆ. ನಂಗೆ ದಿನಾ ಎದ್ರಿಕೆ ಅಕ್ಕ."

"ಬೆಂಗಳೂರಲ್ಲಿ ಅಷ್ಟು ದಿನ ಕಲಿತು ಬಂದಿಯಲ್ಲೋ!"

"ಎಲ್ಲಿ ಕಲ್ತೆ? ಕ್ಲಾಸ್ ತುಂಬಾ ಜನ, ಇದ್ದದ್ದು ಒಂದು ಮಿಷಿನ್ನು. ಮುಂದ್ ಕೂತೋರೇ ಒತ್ತೋರು. ನಾನು ಇಂದ್ಗಡೆ ಕೂತು ಬರ್ಕಂಡೆ. ಮೊದ್ಲು ಮುಟ್ಟಿದ್ದೇ ಇಲ್ಲಿ."

ತರಬೇತಿ ಪಡೆದವನು ಎಂದು ಎಲ್ಲರೂ ಬೆನ್ನು ತಟ್ಟಿದ ಹುಡುಗನ ಕಥೆ ಇದು. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. "ಹೋಗಿ ಸಾಹೇಬರಿಗೆ ಹೇಳು. ಇಲ್ಲದಿದ್ದರೆ ಮಾದಪ್ಪನವರನ್ನು ಮತ್ತೆ ಕಂಬಕ್ಕೆ ಕಳಿಸುತ್ತಾರೆ, ಆ ಮಂಡಿಯಲ್ಲಿ ಅವರು ಉಳಿಯಲ್ಲ" ಎಂದೆ. ಅವನು ಹಿಂದುಮುಂದು ನೋಡಲಿಲ್ಲ. ಅಷ್ಟು ಹೇಳಬೇಕು ಅವನ ಬಗ್ಗೆ.

ಸಾಹೇಬರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಲೋಕೇಶ ಅವರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಅವರು ತಲೆದೂಗುತ್ತ ಕೇಳಿ, ನನ್ನ ಕಡೆ ತಿರುಗಿದರು.

"ನೋಡಿದಿರಾ ಸಾವಿತ್ರಮ್ಮ? ಒಳ್ಳೆ ಮನೆತನದ ಹುಡುಗ. ವಯಸ್ಸಾದವರು ಸಿಕ್ಕಿಹಾಕಿಕೊಂಡರು ಅಂತ ತನ್ನ ತಲೆಗೆ ಕಟ್ಟಿಕೊಳ್ತಿದಾನೆ."

ಲೋಕೇಶ ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. "ಇದೇ ಸಾರ್. ನಮ್ಮವ್ವ ಕೊಟ್ಟಿದ್ದು."

"ಇದನ್ನೂ ಮಾದಪ್ಪನೇ ಕೊಟ್ಟು ಕಳಿಸಿದರಾ?" ಎಂದು ಸಾಹೇಬರು ನಕ್ಕರು.

ನಾನು ತಡೆಯಲಾರದೆ, "ಸಾರ್, ಅವನು ಹೇಳುತ್ತಿರುವುದು ನಿಜ. ಅವನಿಗೆ ಆ ಯಂತ್ರ ಕಂಡರೆ ಭಯ" ಎಂದೆ.

"ಈ ವಯಸ್ಸಿನ ಹುಡುಗರಿಗೆ ಕಂಪ್ಯೂಟರ್ ಭಯವೇ? ಏನಮ್ಮ ನೀವು, ನಿಮಗೂ ವಯಸ್ಸಾಗ್ತಾ ಬಂತು" ಎಂದು ಅಲ್ಲಿಗೆ ಮಾತು ಮುಗಿಸಿದರು. ಸೋಮವಾರದಿಂದ ಮಾದಪ್ಪ ಬಂಡೀಪುರದ ಲೈನಿಗೆ ಎಂದು ಆದೇಶವಾಯಿತು.

ನನಗೆ ಅವತ್ತು ಬಂದ ಕೋಪ ಈಗ ನೆನೆದರೂ ಬರುತ್ತದೆ. ಅಪರಾಧಿ ಎದುರಿಗೆ ನಿಂತು ನಾನೇ ಎನ್ನುತ್ತಿದ್ದಾನೆ, ಅವನ ಹುಟ್ಟಿದ ವರ್ಷ ಬೇರೆ ಎಂಬ ಕಾರಣಕ್ಕೆ ನಂಬುವುದಿಲ್ಲ. ಮಕ್ಕಳೇ, ಇದೊಂದನ್ನು ನೆನಪಿಡಿ. ಚಿಕ್ಕವರು ಯಂತ್ರ ಕೆಡಿಸಿದರೆ ಕಲಿಯುತ್ತಿದ್ದಾರೆ ಎನ್ನುತ್ತಾರೆ. ದೊಡ್ಡವರು ಕೆಡಿಸಿದರೆ ವಯಸ್ಸಾಯಿತು ಎನ್ನುತ್ತಾರೆ. ಕೆಡಿಸಲು ಬಿಡದೆ ಯಾರಿಗೂ ಯಾವುದೂ ಬರುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತು ಗುಂಡಿ ಒತ್ತಿದವರು ಯಾರು, ಹಿಂದೆ ಕೂತು ಬರೆದುಕೊಂಡವರು ಯಾರು ಎಂದು ಮೊದಲು ಕೇಳಿ. ಜನ್ಮದಿನಾಂಕ ಆಮೇಲೆ ಕೇಳಿದರಾಯಿತು.

ಸೋಮವಾರ ಬಂತು. ಕಾಡಿನಲ್ಲಿ ಆನೆ ಮೈ ಉಜ್ಜಿ ಒಂದು ಕಂಬ ವಾಲಿದೆ, ಅರಣ್ಯ ಇಲಾಖೆಯವರ ಫೋನ್ ಇಲ್ಲ ಎಂದು ಸುದ್ದಿ. ಮಾದಪ್ಪ ಸಾಮಾನಿನ ಚೀಲ ಹೆಗಲಿಗೆ ಹಾಕಿ ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು. ಲೋಕೇಶ ಓಡಿ ಬಂದು ಚೀಲಕ್ಕೆ ಕೈ ಹಾಕಿದ.

"ಕೊಡಿ ಮಾವ. ನಾನ್ ಓಗಿ ಬತ್ತೀನಿ. ನೀವು ಒಳೀಕ್ ಓಗಿ ಕೂತ್ಕಳಿ."

"ನಿಂಗೆ ತಲೆ ಕೆಟ್ಟದಾ ಏನ್ಲಾ? ಸಾಹೇಬ್ರು?"

"ಸಾಹೇಬ್ರು ಕಾಗ್ದದಲ್ಲಿ ಎಸ್ರು ಬರ್ದವ್ರೆ, ಕೆಲ್ಸ ನಾವ್ ಅಂಚ್ಕಳನ. ಕಂಬ ಅತ್ತಕ್ಕೆ ನಂಗೇನ್ ಎದ್ರಿಕೆ ಇಲ್ಲ."

ನಿಜವಾಗಿಯೂ ಇರಲಿಲ್ಲ. ಚಿಕ್ಕಂದಿನಲ್ಲಿ ತೆಂಗಿನ ಮರ ಹತ್ತಿದವನು. ಕಂಬದ ತುದಿಯಲ್ಲಿ ಕೂತರೆ ಹಾಡು ಹೇಳಿಕೊಳ್ಳುತ್ತಿದ್ದನಂತೆ. ಕಾಗದದ ಮೇಲೆ ಲೋಕೇಶ ಯಂತ್ರಕ್ಕೆ, ಮಾದಪ್ಪ ಕಂಬಕ್ಕೆ. ನಡೆದದ್ದು ತಿರುಗುಮುರುಗು. ಮಾದಪ್ಪ ನಿವೃತ್ತರಾಗುವವರೆಗೂ ಗುಂಡ್ಲುಪೇಟೆಯ ಆ ಎಕ್ಸ್‌ಚೇಂಜನ್ನು ನೋಡಿಕೊಂಡವರು ಅವರೇ. ಅವರು ತಪ್ಪೇ ಮಾಡಲಿಲ್ಲ ಎಂದು ಹೇಳಲಾರೆ. ಒಮ್ಮೆ ಪೇಟೆ ಬೀದಿಯ ಫೋನುಗಳನ್ನೆಲ್ಲ ಒಂದು ಮಧ್ಯಾಹ್ನ ಮಲಗಿಸಿದ್ದರು. ಮತ್ತೆ ಎಬ್ಬಿಸಿದರು. ಸಾಹೇಬರ ಜೀಪು ಚಾಮರಾಜನಗರ ಬಿಟ್ಟ ಕೂಡಲೇ ನನ್ನ ಗೆಳತಿ ಫೋನ್ ಮಾಡುತ್ತಿದ್ದಳು. ಜೀಪು ತೆರಕಣಾಂಬಿ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಇಬ್ಬರೂ ಕಾಗದದಲ್ಲಿ ಇದ್ದಂತೆ ಇರುತ್ತಿದ್ದರು. ಲೋಕೇಶ ಕಾಡಿನಲ್ಲಿದ್ದರೆ ಊಟಕ್ಕೆ ಹೋಗಿದ್ದಾನೆ ಎನ್ನುತ್ತಿದ್ದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಚಿಕ್ಕವರ ಕೈಗೆ ಕೊಟ್ಟ ಮೇಲೆ ಎಕ್ಸ್‌ಚೇಂಜ್ ಎಷ್ಟು ಚೆನ್ನಾಗಿ ನಡೀತಿದೆ ನೋಡಿ" ಎಂದು ಸಾಹೇಬರು ಬಂದಾಗಲೆಲ್ಲ ಹೇಳುವರು.

ಮಾದಪ್ಪನವರ ಬೀಳ್ಕೊಡುಗೆಗೆ ಆ ಹೊತ್ತಿಗೆ ನಿವೃತ್ತರಾಗಿದ್ದ ಸಾಹೇಬರನ್ನೇ ಕರೆದಿದ್ದೆವು. ಅವರು ಚೆನ್ನಾಗಿ ಮಾತಾಡಿದರು. ಯಂತ್ರ ಎಲ್ಲರಿಗೂ ಒಗ್ಗುವುದಿಲ್ಲ, ಆದರೆ ಈ ವಯಸ್ಸಿನಲ್ಲಿಯೂ ಆನೆ ಓಡಾಡುವ ಕಾಡಿನಲ್ಲಿ ಕಂಬ ಹತ್ತಿ ಸೇವೆ ಮಾಡಿದ ಮಾದಪ್ಪ ಎಲ್ಲರಿಗೂ ಮಾದರಿ ಎಂದು ಶಾಲು ಹೊದಿಸಿದರು. ಮುಂದಿನ ಸಾಲಿನಲ್ಲಿದ್ದ ಮಾದಪ್ಪನ ಹೆಂಡತಿ ಪುಟ್ಟಮ್ಮನಿಗೆ ಕಂಬದ ಆದೇಶದ ವಿಷಯವೇ ಗೊತ್ತಿರಲಿಲ್ಲ. ಗಾಬರಿಯಾದಾರು ಎಂದು ಮಾದಪ್ಪ ಹೇಳಿರಲಿಲ್ಲ. ಆಕೆ ಸಭೆಯ ನಡುವೆಯೇ ಎದ್ದು ನಿಂತರು.

"ಈ ಮಂಡಿ ಇಟ್ಕಂಡು ಕಂಬ ಅತ್ತುದ್ರಾ? ನಂಗೊಂದ್ ಮಾತ್ ಏಳ್ದೆ?"

ಮಾದಪ್ಪ ಶಾಲು ಸರಿಮಾಡಿಕೊಂಡು ಎಲ್ಲರ ಮುಂದೆ ಹೇಳಿದರು: "ನಾನ್ ಒಂದ್ ಕಂಬಾನೂ ಅತ್ನಿಲ್ಲ ಕಣಮ್ಮಿ. ಅತ್ತಿದ್ದೆಲ್ಲಾ ಈ ಲೋಕೇಶ. ನಾನು ಒಳ್ಗೆ ಏಸೀಲಿ ಕೂತು ಮಿಷಿನ್ ನೋಡ್ಕಂಡಿದ್ದೆ."

ನಾನು ಸಾಹೇಬರ ಮುಖ ನೋಡಿದೆ. ಸಾಹೇಬರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆಂಡತಿಗೆ ಹೆದರಿ ಹೇಳೋದು ನೋಡಿ" ಎಂದರು. ಸಭೆಯೂ ನಕ್ಕಿತು.

ಪುಟ್ಟಮ್ಮ ನಗಲಿಲ್ಲ. ಲೋಕೇಶನ ಹತ್ತಿರ ಹೋಗಿ ಅವನ ಬಲಗೈ ಹಿಡಿದು ಅಂಗೈ ತಿರುಗಿಸಿ ನೋಡಿದರು. ತಂತಿ ಎಳೆದು ಎಳೆದು ಅದು ಜಡ್ಡುಗಟ್ಟಿತ್ತು. ಆಮೇಲೆ ಗಂಡನ ಕಡೆ ಒಮ್ಮೆ ನೋಡಿ ತಮ್ಮ ಜಾಗಕ್ಕೆ ಹೋಗಿ ಕೂತರು. ಅಷ್ಟು ವರ್ಷಗಳಲ್ಲಿ ಕೈ ಹಿಡಿದು ಪರೀಕ್ಷೆ ಮಾಡಿ ನೋಡಿದವರು ಅವರೊಬ್ಬರೇ.